ಎದುರು ಕೂತ ಒಂದು ಊಟ

ಗುರುಶಾಂತವ್ವ ತಮ್ಮ ಗಂಡನ ಎದುರು ಕೂತು ಊಟ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ದಾಸನಕೊಪ್ಪದ ಮನೆಯಲ್ಲಲ್ಲ, ಮುಂಬಯಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿದ್ದ ಒಂದು ಫ್ರೆಂಚ್ ಹೋಟೆಲಿನ ಮಾಳಿಗೆಯ ಮೇಲೆ. ೧೯೫೭ರ ಬೇಸಿಗೆ, ಮಧ್ಯಾಹ್ನದ ಊಟ. ಅಂಥ ಇನ್ನೊಂದು ಊಟಕ್ಕಾಗಿ ಅವರು ಏಳು ವರ್ಷ ಕಾದರು. ಅವರ ಕಾಗದಗಳನ್ನು ಬರೆದುಕೊಡುತ್ತಿದ್ದವಳು ನಾನಾದ್ದರಿಂದ ಆ ಏಳರಲ್ಲಿ ಕಡೆಯ ಮೂರು ವರ್ಷ ನನಗೆ ಗೊತ್ತು. ದಿನಚರಿಯಲ್ಲಿ ಅಲ್ಲಲ್ಲಿ ಬರೆದಿಟ್ಟಿದ್ದನ್ನು ಈಗ ಒಂದು ಕಡೆ ಸೇರಿಸುತ್ತಿದ್ದೇನೆ.

ನಮ್ಮ ಮನೆಯವರಿಗೆ ಶಿರಸಿಯ ಅಂಚೆ ಕಚೇರಿಗೆ ವರ್ಗವಾದದ್ದು ೧೯೬೧ರಲ್ಲಿ. ಆಗ ನನ್ನ ಮಗುವಿಗೆ ನಾಲ್ಕು ತಿಂಗಳು. ದೇವಿಕೆರೆಯ ಹತ್ತಿರ ಒಂದು ಉದ್ದ ಮನೆಯ ಮುಂದಿನ ಅರ್ಧ ನಮಗೆ ಬಾಡಿಗೆಗೆ ಸಿಕ್ಕಿತು. ಹಿಂದಿನ ಅರ್ಧದಲ್ಲಿ ಗುರುಶಾಂತವ್ವನ ಖಾನಾವಳಿ. ಅಂಗಳ ಒಂದೇ, ಬಾವಿ ಒಂದೇ. ಭೈರುಂಬೆಯ ನಮ್ಮ ಅತ್ತೆ ಬಂದ ದಿನವೇ ನಮ್ಮ ಹಗ್ಗ, ನಮ್ಮ ಕೊಡಪಾನ ಬೇರೆ ಮಾಡಿಟ್ಟರು.

“ಅವರ ಅಡಿಗೆ ಮನೆ ಬದಿಗೆ ಹೋಗಡ. ಹೋದ್ರೂ ಎಂತದೂ ತಿಂಬಲೆ ಹೋಗಡ” ಎಂದು ನನಗೆ ಎಚ್ಚರಿಕೆಯನ್ನೂ ಕೊಟ್ಟರು. ನಾನೂ ದೊಡ್ಮನೆ ಊರಿನ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಬೆಳೆದವಳು, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುರುಶಾಂತವ್ವನಿಗೆ ಮೂವತ್ತೈದರ ಆಚೆ ಈಚೆ. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ರೊಟ್ಟಿ ಬಡಿದೂ ಬಡಿದೂ ಬಲಗೈ ಎಡಗೈಗಿಂತ ತುಸು ದಪ್ಪ. ಮಕ್ಕಳಿರಲಿಲ್ಲ. ಹಾವೇರಿ, ಧಾರವಾಡ ಕಡೆಯಿಂದ ಬಂದು ಶಿರಸಿಯಲ್ಲಿ ನೌಕರಿ ಮಾಡುವ ಏಳೆಂಟು ಮಂದಿ ಗುಮಾಸ್ತರು, ಮಾಸ್ತರರು ಅವರಲ್ಲಿ ಎರಡು ಹೊತ್ತು ಉಣ್ಣುತ್ತಿದ್ದರು. ನಮ್ಮ ಕಡೆಯ ಅನ್ನ ಸಾರು ಅವರಿಗೆ ಹೊಟ್ಟೆ ತುಂಬಿಸದು. ಜೋಳದ ರೊಟ್ಟಿ, ಝುಣಕ, ಕಾಳುಪಲ್ಯ ಬೇಕು. ಬಸಪ್ಪ ಮಾಸ್ತರರಂತೂ ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದೇ ಏಳುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದೆ.

“ಏನ್ ನೋಡ್ತೀರಿ ತಂಗಿ? ಲಿಂಗಕ್ಕ ತೋರಿಸಿ ಉಂಡದ್ದು ಪ್ರಸಾದ. ಒಂದ ಅಗಳು ಬಿಡಂಗಿಲ್ಲ, ನೆಲಕ್ಕ ಚೆಲ್ಲಂಗಿಲ್ಲ. ನಮ್ಮಲ್ಲಿ ಹಿರೇರು ಎಲ್ಲಾ ಹಿಂಗ” ಎಂದಿದ್ದರು ಗುರುಶಾಂತವ್ವ. ತಾವೂ ಹಾಗೆಯೇ ಉಣ್ಣುತ್ತಿದ್ದರು. ಆದರೆ ಅವರು ಉಣ್ಣುವುದನ್ನು ನೋಡಿದವರು ಕಡಿಮೆ. ಎಲ್ಲರದೂ ಮುಗಿದು, ಪಂಕ್ತಿಯ ಜಾಗ ಸಾರಿಸಿ, ಒಲೆಯ ಮಗ್ಗುಲಿಗೆ ಗೋಡೆಗೆ ಮುಖ ಮಾಡಿ ಕೂತು ಉಂಡುಬಿಡುತ್ತಿದ್ದರು.

ಒಂದು ದಿನ ಬಾವಿಕಟ್ಟೆಯ ಹತ್ತಿರ ಮಗುವಿನ ಬಟ್ಟೆ ಹಿಂಡುತ್ತಿದ್ದ ನನ್ನನ್ನು ಅವರು ಕೇಳಿದರು: “ತಂಗಿ, ನಿಮಗ ಬರಿಯಾಕ ಬರ್ತದಂತಲ್ಲ. ನಮ್ಮನಿಯವರಿಗೆ ಒಂದು ಕಾಗದ ಬರದು ಕೊಡ್ತೀರೇನು? ಬಸಪ್ಪ ಮಾಸ್ತರ ಕೈಲಿ ಮತ್ತ ಮತ್ತ ಬರಸಾಕ ನಾಚಿಕಿ.”

“ಎಂತ ಬರೆಯಕ್ಕು ಹೇಳಿ ಅಕ್ಕಾ” ಎಂದೆ.

“ಹ್ವಾದ ಕಾಗದದಾಗ ಬರಸಿದ್ದನ್ನ. ಯಾವಾಗ ಕರಸ್ಕೋತೀರಿ ಅಂತ.”

ಅವರ ಗಂಡ ವೀರಪ್ಪ ದಾಸನಕೊಪ್ಪ ಬಿಟ್ಟು ಮುಂಬಯಿಗೆ ಹೋದದ್ದು ಮದುವೆಯಾದ ಎರಡನೆಯ ವರ್ಷ. ಹೋದ ಹೊಸತರಲ್ಲಿ ‘ಬಾರಿನಲ್ಲಿ ಕೆಲಸ ಸಿಕ್ಕಿದೆ’ ಎಂದು ಬರೆದಿದ್ದರಂತೆ. ಅದನ್ನು ಓದಿಸಿ ಕೇಳಿದ ಮಾವ, ಬಾರು ಎಂದರೆ ಎತ್ತಿನ ಬಾರು ಎಂದೇ ತಿಳಿದು, “ಅಷ್ಟು ದೂರ ಹೋಗಿ ಬಾರು ಹೆಣಿಯಾಕ ಹತ್ಯಾನೇನು? ಅದನ್ನ ಇಲ್ಲೇ ನಮ್ಮ ಕಟ್ಟಿ ಮ್ಯಾಲೆ ಕೂತು ಹೆಣೀಬಹುದಿತ್ತಲ್ಲ!” ಎಂದು ಊರಿಗೆಲ್ಲ ಹೇಳಿ ನಕ್ಕರಂತೆ. ಆ ನಗು ಎಷ್ಟೋ ಒಳ್ಳೆಯದಾಯಿತು ಎಂದು ಗುರುಶಾಂತವ್ವನಿಗೆ ಅನ್ನಿಸಿದ್ದು ಆಮೇಲೆ, ಮುಂಬಯಿಗೆ ಹೋಗಿ ಕಣ್ಣಾರೆ ನೋಡಿದಾಗ. ಪರವಾನಗಿ ಇದ್ದ ಸಾಹೇಬರಿಗೆ ಕುಡಿಯಲು ಕೊಡುವ ಜಾಗಕ್ಕೆ ಬಾರು ಎನ್ನುತ್ತಾರೆ ಎಂದು ಅವರು ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಹೊರಡುವಾಗ ಗಂಡ ಕೊರಳ ಲಿಂಗವನ್ನು ತೆಗೆದು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು, ಅದನ್ನೂ ಹೇಳಲಿಲ್ಲ. “ಕೋಟಿನ ಗುಂಡಿ ಕೂಡೂದಿಲ್ಲ ಅಂದ್ರು. ಇದ್ದೀತು” ಎಂದು ನನ್ನ ಹತ್ತಿರ ಅಂದವರು, ಅಂದಕೂಡಲೇ, “ಇದನ್ನ ನಿಮ್ಮ ಪುಸ್ತಕದಾಗ ಬರೀಬ್ಯಾಡ್ರಿ ಮತ್ತ” ಎಂದರು. ಬರೆಯುತ್ತಿದ್ದೇನೆ. ಈಗ ಇದರಿಂದ ನೋಯುವವರು ದಾಸನಕೊಪ್ಪದಲ್ಲಿ ಯಾರೂ ಉಳಿದಿಲ್ಲ.

ಆ ಊಟದ ಕಥೆಯನ್ನು ಅವರು ನನಗೆ ಪೂರ್ತಿಯಾಗಿ ಹೇಳಿದ್ದು ನಾಲ್ಕೈದು ಕಾಗದ ಬರೆದಾದ ಮೇಲೆ. ಅವತ್ತು ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತ ಕೂತಿದ್ದರು. ಮಗು ಅವರ ಸೆರಗು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು.

ವೀರಪ್ಪನಿಗೆ ಆ ವರ್ಷ ಬಡ್ತಿಯಾಗಿತ್ತು. ಬಾರಿನಿಂದ ತೆಗೆದು ಮಾಳಿಗೆಯ ಮೇಲಿನ ಮೇಜುಗಳಿಗೆಲ್ಲ ಅವರನ್ನೇ ಯಜಮಾನ ಮಾಡಿದ್ದರು. ಹೋಟೆಲಿನ ಒಡತಿ ಒಬ್ಬ ಫ್ರೆಂಚ್ ಹೆಂಗಸು, ವಯಸ್ಸಾದವಳು. ಬಡ್ತಿಯ ಖುಷಿಗೆ, ‘ನಿನ್ನ ಹೆಂಡತಿ ಬಂದಿದ್ದಾಳಲ್ಲ, ಒಂದು ದಿನ ಇಬ್ಬರೂ ಗಿರಾಕಿಗಳ ಹಾಗೆ ಬಂದು ಉಣ್ಣಿ, ಬೇರೆಯವರು ನಿಮಗೆ ಬಡಿಸಲಿ’ ಎಂದಳಂತೆ.

“ಮಾಳಿಗಿ ಅಂದ್ರ ನಮ್ಮ ಮಾಳಿಗಿ ಅಲ್ರಿ ತಂಗಿ. ನಮ್ಮ ಊರಾಗ ಮಾಳಿಗಿ ಮ್ಯಾಲೆ ಸಂಡಿಗಿ ಒಣಸ್ತೀವಿ. ಅಲ್ಲಿ ಮಂದೀನ ಸಾಲಾಗಿ ಕೂತಿರ್ತಾರ. ಬೆತ್ತದ ಕುರ್ಚಿ, ಬಿಳೀ ಅರಿವಿ ಹಾಸಿದ ಮೇಜು, ಕುಂಡದಾಗ ಹೂವಿನ ಗಿಡ. ಒಂದ ಕಡೆ ತಗಡಿನ ನೆಳ್ಳಿನ ಬುಡಕ ಆ ಬಾರು. ಕೆಳಗ ನೋಡಿದ್ರ ಸಮುದ್ರ. ನನಗ ಸಮುದ್ರದ ಮ್ಯಾಲ ಲಕ್ಷ್ಯನ ಇರಲಿಲ್ಲ.”

“ಮತ್ತೆಂತರ ಮೇಲೆ ಇತ್ತು?”

“ನಮ್ಮನಿಯವರು ಎದುರಿಗೆ ಕೂತಿದ್ರಲ್ಲ!” ಎಂದು ಹುಡುಗಿಯಂತೆ ನಕ್ಕರು. “ಮದಿವಿ ಆಗಿ ಆರು ವರ್ಷ ಆಗಿತ್ತು. ಅವರು ಉಣ್ಣುವಾಗ ಅವರ ತಲಿ ನೋಡಿದ್ದೆ, ಬೆನ್ನು ನೋಡಿದ್ದೆ. ಬಗ್ಗಿ ಬಡಸಾಕಿಗೆ ಮತ್ತೇನ ಕಾಣ್ತದ್ರಿ? ಅವತ್ತ ಗೊತ್ತಾತು, ಅವರು ಅಗಿಯುವಾಗ ಎಡಗಡಿ ಗಲ್ಲದಾಗ ಒಂದು ಕುಣಿ ಬೀಳ್ತದ.”

ಅವರಿಗೆಂದು ಬೇರೆಯಾಗಿ ಸಸ್ಯದ ಅಡಿಗೆಯನ್ನೇ ಹೇಳಿ ಮಾಡಿಸಿದ್ದರಂತೆ. ಬಡಿಗೆಯಷ್ಟು ಉದ್ದ, ಅಷ್ಟೇ ಗಟ್ಟಿಯಾದ ಬ್ರೆಡ್ಡು. ಬೇಯಿಸಿದ ಹುರುಳಿಕಾಯಿ, ಕೆನೆ ಹಾಕಿ ಸುಟ್ಟ ಬಟಾಟೆ. ಕೊನೆಗೆ ಒಂದು ಹಲಗೆಯ ಮೇಲೆ ಹಳದಿ ಗಟ್ಟಿ ತಂದಿಟ್ಟರು. ಗುರುಶಾಂತವ್ವ ಮೂಸಿ ನೋಡಿ ಮೆಲ್ಲಗೆ ಗಂಡನಿಗೆ ಹೇಳಿದರಂತೆ: “ಬೆಣ್ಣಿ ಕೆಟ್ಟೈತ್ರಿ. ಪಾಪ, ಅವರಿಗೆ ಗೊತ್ತಿಲ್ಲ ಕಾಣ್ತದ, ಹೇಳ್ರಿ.” ವೀರಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಅದು ಚೀಸು, ಕೆಡಿಸೇ ತಿನ್ನೋದು” ಎಂದರು. ಆ ನಗುವನ್ನು ಹೇಳುವಾಗ ಗುರುಶಾಂತವ್ವನ ಕೈಯಲ್ಲಿ ಶೇಂಗಾ ಹಾಗೇ ನಿಂತಿತ್ತು.

ಊಟವಾದ ಮೇಲೆ ಇಬ್ಬರ ಮುಂದೆಯೂ ಒಂದೊಂದು ಪುಟ್ಟ ಬೋಗುಣಿ ತಂದಿಟ್ಟರು. ಉಗುರು ಬೆಚ್ಚಗಿನ ನೀರು, ಒಂದು ಹೋಳು ನಿಂಬೆ.

“ಕಣ್ಣಾಗ ನೀರ ಬಂತ್ರಿ ನನಗ. ಇವರೂ ಶರಣರ ಪೈಕಿ ಅಂದ್ಕೊಂಡ್ನಿ. ಅಷ್ಟು ದೂರದ ದೇಶದಾಗೂ ತಟ್ಟಿ ತೊಳದು ಕುಡಿಯಾಕ ನೀರು ಕೊಡ್ತಾರ, ಅದೂ ಬೆಚ್ಚಗ ಮಾಡಿ, ನಿಂಬಿಹಣ್ಣು ಹಾಕಿ! ನಾವು ಬರೇ ತಣ್ಣೀರು ಹಾಕ್ತೀವಲ್ಲ ಅಂತ ನಾಚಿಕಿ ಆತು.”

ಬೋಗುಣಿಯ ನೀರನ್ನು ಪಿಂಗಾಣಿ ತಟ್ಟೆಗೆ ಸುರಿದುಕೊಂಡರು. ಬೆರಳಿನಿಂದ ಸುತ್ತಲೂ ತೊಳೆದರು. ಆ ತಟ್ಟೆ ನಮ್ಮ ತಟ್ಟೆಗಳಂತೆ ಆಳವಿಲ್ಲ. ನೀರು ಅರ್ಧ ಮೇಜಿಗೆ ಚೆಲ್ಲಿತು. ಉಳಿದದ್ದನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ತಟ್ಟೆ ಕೆಳಗಿಟ್ಟು ನೋಡಿದರೆ ಮಾಳಿಗೆಯ ಮೇಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಬಾರಿನ ಕಡೆ ಯಾರೋ ಇಬ್ಬರು ಗೊಳ್ಳೆಂದು ನಕ್ಕರು. ಒಡತಿ ಎದ್ದು ಹತ್ತಿರ ಬಂದಳು. ವೀರಪ್ಪ ಕುರ್ಚಿಯಿಂದ ನೆಟ್ಟಗೆ ಎದ್ದು ನಿಂತಿದ್ದರು.

“‘ಸಾರಿ ಮ್ಯಾಡಂ, ಸಾರಿ, ಸಾರಿ’ ಅಂತ ಮೂರು ಸಲ ಅಂದ್ರು. ಖರೇನ ಅಲ್ಲೇನ್ರಿ? ಉಂಡ ಮ್ಯಾಲೆ ಎಂಜಲ ಸಾರಿಸಬೇಕು. ನನಗ ಮರ್ತಿತ್ತು, ಅವರು ನೆಪ್ಪು ಮಾಡಿದ್ರು ಅಂದ್ಕೊಂಡ್ನಿ. ಸೆಗಣಿ ಎಲ್ಲಿಂದ ತರಲಿ? ತೊಡಿ ಮ್ಯಾಲೆ ಹಾಕ್ಕೊಳ್ಳಾಕ ಒಂದು ಬಿಳೀ ಅರಿವಿ ಕೊಟ್ಟಿದ್ರು. ಅದನ್ನ ತಗೊಂಡು ಆ ತುದಿಂದ ಈ ತುದಿಗೆ ನೆಲಾ ಸಾರಿಸಿದಂಗ ಮೇಜು ಸಾರಿಸಿಬಿಟ್ನಿ. ಕೈಗೆ ಗಾಜಿನ ಲೋಟ ತಾಗಿತು. ಬಿದ್ದು ಫಳ್ ಅಂತ ಒಡೀತು. ಅದಕ್ಕ ನೋಡ್ರಿ ಅವರಿಗೆ ಸಿಟ್ಟು ಬಂದದ್ದು. ಅಂಥಾ ಲೋಟ ನಮ್ಮ ಶಿರಸ್ಯಾಗ ಎಲ್ಲೂ ಸಿಗಾಂಗಿಲ್ಲ.”

ಮುಂದಿನ ವಾರವೇ ವೀರಪ್ಪ ಅವರನ್ನು ಹುಬ್ಬಳ್ಳಿಯ ರೈಲು ಹತ್ತಿಸಿದರು. ಮಳೆಗಾಲ ಮುಗಿದ ಮೇಲೆ ಕರೆಸಿಕೊಳ್ಳುವೆ ಎಂದರು. ಅತ್ತೆ ಮಾವ ತೀರಿಕೊಂಡ ಮೇಲೆ ಗುರುಶಾಂತವ್ವ ಶಿರಸಿಗೆ ಬಂದು ಖಾನಾವಳಿ ಹಾಕಿದರು. ಅಷ್ಟು ಮಳೆಗಾಲ ಕಳೆದಿದ್ದರೂ ಕರೆ ಬಂದಿರಲಿಲ್ಲ.

ನಾನು ನಗುತ್ತ ಕೇಳುತ್ತಿದ್ದವಳು, ನಗುತ್ತಲೇ ಹೇಳಿಬಿಟ್ಟೆ: “ಅಯ್ಯೋ ಅಕ್ಕಾ, ಸಾರಿ ಅಂದರೆ ಸಾರಿಸು ಅಂತ ಅಲ್ಲ. ಅದು ಇಂಗ್ಲೀಷು. ತಪ್ಪಾಯಿತು, ಕ್ಷಮಿಸಿ ಅಂತ ಅರ್ಥ.”

ಮಾತು ಬಾಯಿಂದ ಬಿದ್ದ ಮೇಲೆ ಅದು ಎಂಥ ಮಾತು ಎಂದು ತಿಳಿಯಿತು. ಗುರುಶಾಂತವ್ವ ಮೊರದೊಳಗಿನ ಸಿಪ್ಪೆಯನ್ನು ಊದಿದರು. ಇನ್ನೊಮ್ಮೆ ಊದಿದರು. ಸಿಪ್ಪೆ ಹಾರಿ ಮಗುವಿನ ತಲೆಯ ಮೇಲೆ ಕೂತಿತು. ಅದನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ ಕೇಳಿದರು:

“ಯಾರ ತಪ್ಪು ತಂಗಿ?”

ಅಷ್ಟರಲ್ಲಿ ಅತ್ತೆಯ ದನಿ ಬಂತು, “ಅಲ್ಲಿ ಎಂತ ಮಾಡ್ತಾ ಇದ್ಯೆ? ಅನ್ನ ತಳ ಹಿಡಿದು ವಾಸನೆ ಬರ್ತಾ ಇದ್ದು!” ಮಗುವನ್ನು ಎತ್ತಿಕೊಂಡು ಓಡಿದೆ. ಆ ದಿನದ ದಿನಚರಿಯಲ್ಲಿ ‘ಅನ್ನ ಸೀದಿತು’ ಎಂದಷ್ಟೇ ಇದೆ.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ನನ್ನಿಂದ ಕಾಗದ ಬರೆಸಲಿಲ್ಲ. ಸಿಟ್ಟಿನಿಂದಲ್ಲ. ಮಗುವಿಗೆ ಜ್ವರ ಬಂದಾಗ ಅಂಗಳದ ಆಚೆಯಿಂದಲೇ ದಿನಕ್ಕೆ ಐದು ಸಲ ವಿಚಾರಿಸಿದ್ದರು, ದೃಷ್ಟಿ ತೆಗೆಯಲು ಮೆಣಸಿನಕಾಯಿ ಕೊಟ್ಟಿದ್ದರು. ಬರೆಸಲು ಇದ್ದ ಒಂದೇ ಮಾತನ್ನು ಮಾತ್ರ ಹೇಳದೆ ಇಟ್ಟುಕೊಂಡಿದ್ದರು.

೧೯೬೪ರ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಮನೆಯವರೇ ಆ ಕಾಗದವನ್ನು ಕಚೇರಿಯಿಂದ ಕೈಯಲ್ಲಿ ತಂದರು. ವೀರಪ್ಪ ಬರೆದಿದ್ದರು. ಓದಿ ಹೇಳಿದೆ: ‘ಇಲ್ಲಿ ಕೋಣೆ ಸಿಕ್ಕಿದೆ. ಶಿವರಾತ್ರಿಯ ನಂತರ ಬಂದು ಕರೆದುಕೊಂಡು ಹೋಗುತ್ತೇನೆ. ಅಷ್ಟರೊಳಗೆ ಚಮಚೆಯಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡಿರು. ತಟ್ಟೆಯಲ್ಲಿ ಸ್ವಲ್ಪ ಬಿಡುವುದು ಇಲ್ಲಿಯ ಪದ್ಧತಿ.’

ಗುರುಶಾಂತವ್ವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರ ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿದರು. “ಮತ್ತ ಮಾಳಿಗಿ ಮ್ಯಾಲೆ ಕರಕೊಂಡು ಹೋಗ್ತಾರಂತೇನು?”

“ಹಾಗೆ ಬರೆದಿಲ್ಲ ಅಕ್ಕ.”

“ಚಮಚಾ ಕಲಿ ಅಂದ ಮ್ಯಾಲೆ ಹೋಗೋದ ಅಲ್ಲೇನು? ಮನ್ಯಾಗ ಯಾರು ಚಮಚಾದ್ಲೆ ಉಣ್ತಾರ?”

ಮರುದಿನದಿಂದ, ಪಂಕ್ತಿ ಮುಗಿದು ಜಾಗ ಸಾರಿಸಿದ ಮೇಲೆ, ನಮ್ಮ ಪಾಠ ಶುರುವಾಯಿತು. ನಾನೂ ಚಮಚೆಯಲ್ಲಿ ಉಂಡವಳಲ್ಲ. ನಮ್ಮ ಮನೆಯವರನ್ನು ಕೇಳಿ, ಅವರು ಕಾರವಾರದಲ್ಲಿ ಯಾರನ್ನೋ ನೋಡಿದ್ದನ್ನು ತಿಳಿದು, ಗುರುಶಾಂತವ್ವನಿಗೆ ಹೇಳಿಕೊಡುತ್ತಿದ್ದೆ. ಅನ್ನ ಸಾರು ಹೇಗೋ ಆಯಿತು. ರೊಟ್ಟಿಯ ಹತ್ತಿರ ನಿಂತಿತು.

“ಇದನ್ನ ಚಮಚಾದ್ಲೆ ಮುರಿಯಾಕ ಹೋದ್ರ ಚಮಚಾನ ಮುರೀತದ ನೋಡ್ರಿ!”

ಬೇಗ ಉಂಡೆದ್ದು ಹೊರಗೆ ಅಡಿಕೆ ಹಾಕಿಕೊಳ್ಳುತ್ತಿದ್ದ ಬಸಪ್ಪ ಮಾಸ್ತರರು ಬಾಗಿಲಲ್ಲಿ ಇಣುಕಿದರು. “ಏನವಾ ಗುರುಶಾಂತವ್ವಾ, ಮಡ್ಡಂ ಆಗಾಕ ಹತ್ತೀಯೇನು? ನಾಳಿಂದ ನಮಗೂ ಚಮಚಾ ಕೊಡ್ತೀಯೋ ಹ್ಯಾಂಗ?”

“ನಿಮಗ ಸೌಟು ಕೊಡ್ತೀನ್ರಿ ಮಾಸ್ತರ. ನಿಮ್ಮ ಬಾಯಿಗೆ ಚಮಚಾ ಸಾಲಂಗಿಲ್ಲ!”

ಮಾಸ್ತರರು ನಗುತ್ತ ಹೋದರು. ಗುರುಶಾಂತವ್ವ ಅಷ್ಟು ಚುರುಕಾಗಿ ಮಾತಾಡಿದ್ದನ್ನು ಆ ತಿಂಗಳಷ್ಟೇ ನಾನು ಕೇಳಿದ್ದು.

ಆದರೆ ತಟ್ಟೆಯಲ್ಲಿ ಬಿಡುವುದು ಅವರಿಂದ ಆಗಲೇ ಇಲ್ಲ. ಒಂದು ತುತ್ತು ಉಳಿಸಿ ಕೈ ಹಿಂದಕ್ಕೆ ತೆಗೆದುಕೊಂಡು ಕೂರುವರು. ಹೊರಗೆ ನೋಡುವರು, ಮಗುವನ್ನು ಮಾತಾಡಿಸುವರು. ನಾನು ಎದ್ದು ಬರುವಷ್ಟರಲ್ಲಿ ಆ ತುತ್ತು ಹೊಟ್ಟೆಯೊಳಗೆ. “ಮುಂಬೈಯಾಗ ಬಿಡ್ತೀನಿ ಬಿಡ್ರಿ. ಅಲ್ಲಿ ಅದು ನಮ್ಮ ಅನ್ನ ಅಲ್ಲ” ಎಂದು ಸಮಾಧಾನ ಹೇಳಿಕೊಳ್ಳುವರು.

ಪಾಠದ ಹೊತ್ತಿನಲ್ಲಿ ನಾನು ಅವರ ಎದುರಿಗೇ ಕೂರುತ್ತಿದ್ದೆ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬರಿಗೈಯಲ್ಲಿ. ಒಂದು ದಿನ ಅವರು ಝುಣಕದ ಜೊತೆ ರೊಟ್ಟಿಯ ಚೂರೊಂದನ್ನು ನನ್ನ ಕಡೆ ಚಾಚಿ, “ನೀವೂ ಒಂದ ತುತ್ತು...” ಎಂದವರು ಅಷ್ಟಕ್ಕೇ ಕೈ ಹಿಂದೆ ತೆಗೆದುಕೊಂಡರು. “ಅಯ್ಯ ನನ್ನ ಶಿವನ, ನಿಮ್ಮತ್ತಿ ನನ್ನ ಸುಟ್ಟಾರು!” ಎಂದು ನಕ್ಕರು. ನಾನೂ ನಕ್ಕೆ. ಅತ್ತೆ ಅವತ್ತು ಊರಲ್ಲಿರಲಿಲ್ಲ, ಭೈರುಂಬೆಗೆ ಹೋಗಿದ್ದರು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ವೀರಪ್ಪ ಬಂದರು. ನಾನು ಅವರನ್ನು ಎತ್ತರದ ಆಳು ಎಂದುಕೊಂಡಿದ್ದೆ. ಬಂದದ್ದು ಸಣಕಲು ದೇಹದ, ಕಪ್ಪು ಕೋಟು ತೊಟ್ಟ, ಕಿವಿಯ ಬದಿಗೆ ನರೆತ ಒಬ್ಬ ಮನುಷ್ಯ. ನನ್ನನ್ನು ಕಂಡು ಬಹಳ ಮರ್ಯಾದೆಯಿಂದ ತಲೆ ಬಾಗಿಸಿ, “ಕಾಗದ ಬರೀತಿದ್ದವರು ನೀವ ಏನ್ರಿ? ಅಕ್ಷರ ಚಂದ ಅದಾವ” ಎಂದರು. ನಡೆ, ನಿಲುವು, ಕೈ ಹಿಂದೆ ಕಟ್ಟಿಕೊಳ್ಳುವ ರೀತಿ ಎಲ್ಲವೂ ಯಾರೋ ಗಿರಾಕಿಯ ಮುಂದೆ ನಿಂತವರಂತೆ.

ಗಿರಾಕಿಗಳು ಉಂಡು ಹೋಗಿದ್ದರು. ನಾನು ಬಾವಿಕಟ್ಟೆಯ ಮೇಲೆ ಬಟ್ಟೆ ಹರವುತ್ತಿದ್ದೆ, ಹಿಂಬಾಗಿಲು ತೆರೆದಿತ್ತು, ಮುಚ್ಚಬೇಕೆಂದು ಅವರಿಗೂ ಅನ್ನಿಸಲಿಲ್ಲ, ಸರಿಯಬೇಕೆಂದು ನನಗೂ ಅನ್ನಿಸಲಿಲ್ಲ. ಗುರುಶಾಂತವ್ವ ಎರಡು ಮಣೆಗಳನ್ನು ಎದುರುಬದುರಾಗಿ ಹಾಕಿ, ಎರಡು ತಟ್ಟೆ ಇಟ್ಟಿದ್ದರು. ಒಂದರ ಪಕ್ಕ ನನ್ನ ಮಗುವಿನ ಚಮಚೆ.

ವೀರಪ್ಪ ಒಂದು ಮಣೆಯ ಮೇಲೆ ಕೂತು ಇನ್ನೊಂದನ್ನು ನೋಡಿದರು. “ಇದ್ಯಾರಿಗೆ?”

“ನನಗ.”

“ನೀ ಆಮ್ಯಾಲೆ ಉಣ್ಣು. ಮೊದಲು ನನಗ ಬಡಸು, ಹಸದು ಬಂದೀನಿ.”

ಗುರುಶಾಂತವ್ವ ಬಡಿಸಿದರು. ಬಗ್ಗಿ, ಎರಡನೆಯ ರೊಟ್ಟಿ ಹಾಕುವಾಗ ಕೇಳಿದರು: “ಕ್ವಾಣಿ ಎಲ್ಲೈತ್ರಿ?”

“ಹ್ವಾಟೆಲ್ಲಿನ ಹಿಂದ. ಮುದುಕಿ ತನ್ನ ದೇಶಕ್ಕ ಹ್ವಾದ್ಲು. ಹೊಸಾ ಮಾಲೀಕ ನನಗಂತ ಕೊಟ್ಟಾನ. ಎರಡೂ ಹೊತ್ತು ಮನೀ ಊಟ ಸಿಕ್ಕರ ನನ್ನ ಹೊಟ್ಟಿಬ್ಯಾನಿ ನಿಂತೀತು ಅಂತ ಡಾಕ್ಟರು ಹೇಳ್ಯಾರ.”

“ಮಾಳಿಗಿ ಮ್ಯಾಲೆ?”

“ಮಾಳಿಗಿ ಮ್ಯಾಲೆ ಏನು?”

“ನಾ ಬರೂದು.”

ವೀರಪ್ಪ ರೊಟ್ಟಿ ಮುರಿದರು. “ಅಲ್ಲಿ ನಿನಗೇನ ಕೆಲಸ? ಮ್ಯಾಲೆ ಬರೂದು ಬ್ಯಾಡ.”

“ಹಂಗಾದ್ರ ಚಮಚಾ ಯಾಕ ಕಲೀ ಅಂದ್ರಿ?”

“ಬಾಗಲ ತಗದಿದ್ದಾಗ ಯಾರರ ಕಂಡಾರು ಅಂತ. ಅಲ್ಲೀ ಮಂದಿ ಹೆಂಗ ಅಂತ ನಿನಗ ಗೊತ್ತೈತಲ್ಲ.”

ನಾನು ಹರವಿದ ಬಟ್ಟೆಯನ್ನೇ ಮತ್ತೊಮ್ಮೆ ಹರವಿದೆ. ಗುರುಶಾಂತವ್ವ ಸೌಟನ್ನು ಪಾತ್ರೆಯಲ್ಲಿ ಇಟ್ಟ ಸದ್ದು ಕೇಳಿಸಿತು.

“ಒಂದು ಕೇಳ್ತೀನಿ. ಅವತ್ತ ನೀವು ಆ ಮಡ್ಡಮ್ಮಗ ಸಾರಿ ಅಂದ್ರಲ್ಲ. ಅದರ ಅರ್ಥ ಈಗ ನನಗ ಗೊತ್ತೈತಿ. ಯಾರ ತಪ್ಪಾತು ಅಂತ ಹೇಳಿದ್ರಿ?”

“ಹಳೇದೆಲ್ಲಾ ಯಾಕ ಈಗ?”

“ಹೇಳ್ರಿ.”

“ನಂದ ತಪ್ಪು.” ವೀರಪ್ಪ ತಲೆ ಎತ್ತಲಿಲ್ಲ. ಸುಳ್ಳು ಹೇಳುವ ದನಿಯಾಗಿರಲಿಲ್ಲ ಅದು. ಗದರುವ ದನಿಯೂ ಅಲ್ಲ. “ನಿನ್ನ ಅಲ್ಲಿಗೆ ಕರಕೊಂಡು ಹ್ವಾದದ್ದು ನನ್ನ ತಪ್ಪು. ಅಲ್ಲಿ ಹದಿನಾರು ಮೇಜು ಅದಾವ ಗುರುಶಾಂತಾ. ಯಾವ ಮೇಜಿಗೆ ಯಾರು ಕೂಡಬೇಕು ಅಂತ ನೋಡೂದ ನನ್ನ ಕೆಲಸ. ನನಗ ಗೊತ್ತಿರಬೇಕಿತ್ತು.”

ಎದ್ದು ಕೈ ತೊಳೆಯಲು ಅವರು ಬಾವಿಯ ಕಡೆ ಬಂದರು. ಕೋಟಿನ ಕೊರಳು ತೆರೆದಿತ್ತು. ಅಲ್ಲಿ ಲಿಂಗವಿರಲಿಲ್ಲ. ನಾನು ನೀರು ಹಾಕಿದೆ. ಹಿಂದೆಯೇ ಬಂದ ಗುರುಶಾಂತವ್ವ ಹೊಸ್ತಿಲ ಮೇಲೆ ನಿಂತರು.

“ಅಲ್ಲಿ ನಾ ಹೆಂಗ ಉಣ್ಣಲಿ?”

“ಇಲ್ಲಿ ಹೆಂಗ ಉಣ್ತಿ? ನಿನ್ನ ಪದ್ಧತಿ ನೀ ಮಾಡ್ಕೋ, ನಾ ಬ್ಯಾಡ ಅನ್ನೂದಿಲ್ಲ. ಬಾಗಲ ಹಾಕ್ಕೊಂಡು ಒಳಗ ಉಣ್ಣು. ಯಾರಿಗೂ ಕಾಣದಂಗ.”

“ಯಾರಿಗೂ ಕಾಣದಂಗ ಏಳು ವರ್ಷ ಇಲ್ಲೇ ಉಂಡೀನ್ರಿ” ಎಂದರು ಗುರುಶಾಂತವ್ವ. “ಅದಕ್ಕ ಮುಂಬೈತನಕ ಯಾಕ ಬರಲಿ?”

ವೀರಪ್ಪ ಒದ್ದೆ ಕೈಯನ್ನು ಎದುರಿಗೆ ಹಿಡಿದುಕೊಂಡು ನಿಂತರು. ಒರೆಸಿಕೊಳ್ಳಲು ಯಾರಾದರೂ ಬಟ್ಟೆ ಕೊಡುವರೆಂದು ಕಾಯುವ ಹಾಗೆ ಕಂಡಿತು. ನಾನು ಮಗುವಿನ ಒಣಗಿದ ಬಟ್ಟೆಯೊಂದನ್ನು ಕೊಟ್ಟೆ. ಒರೆಸಿ, ಮೂರು ಸಲ ಮಡಿಸಿ, ಕಟ್ಟೆಯ ಮೇಲೆ ಇಟ್ಟರು.

“ಬರೂದಿಲ್ಲ ಅಂದಂಗಾತು?”

“ಹೂಂ.”

“ಯಾರರ ಕೇಳಿದ್ರ ಏನ ಹೇಳ್ಲಿ?”

“ಖಾನಾವಳಿ ಬಿಟ್ಟು ಬರಾಕ ಆಗೂದಿಲ್ಲಂತ ಅನ್ರಿ. ಖರೇನ ಐತಿ. ಏಳೆಂಟು ಮಂದಿ ನನ್ನ ನಂಬ್ಯಾರ.”

ಜಗಳವಾಗಲಿಲ್ಲ. ದನಿ ಏರಲಿಲ್ಲ. ಮೂರು ಗಂಟೆಯ ಹುಬ್ಬಳ್ಳಿ ಬಸ್ಸಿಗೆ ವೀರಪ್ಪ ಹೊರಟರು. ಗುರುಶಾಂತವ್ವ ಇಪ್ಪತ್ತು ಒಣ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. “ಹೊಟ್ಟಿಬ್ಯಾನಿಗೆ ಖಾರ ಕಡಿಮಿ ಹಾಕೀನಿ” ಎಂದರು. ವೀರಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು. ಬೀದಿಯ ತಿರುವಿನಲ್ಲಿ ಒಮ್ಮೆ ನಿಂತರು, ಗಂಟನ್ನು ಬಗಲು ಬದಲಾಯಿಸಿಕೊಂಡು ಹೋದರು.

ಆ ಹೊತ್ತಿನ ಮಟ್ಟಿಗೆ ನನಗೆ ಗುರುಶಾಂತವ್ವನ ಮೇಲೆ ತುಸು ಸಿಟ್ಟೇ ಬಂದಿತ್ತು, ಮುಚ್ಚಿಡುವುದೇಕೆ? ಹೋಗಬಹುದಿತ್ತು. ಹೊಟ್ಟೆನೋವಿನ ಗಂಡ, ಒಂದು ಸೂರು, ದಿನಕ್ಕೆ ಎಂಬತ್ತು ರೊಟ್ಟಿ ಬಡಿಯುವ ಕಷ್ಟವಿಲ್ಲ. ಬಾಗಿಲು ಹಾಕಿಕೊಂಡು ಉಣ್ಣುವ ಹೆಂಗಸರು ಲೋಕದಲ್ಲಿ ಎಷ್ಟಿಲ್ಲ? ಅವತ್ತು ಸಂಜೆ ನಮ್ಮ ಮನೆಯವರಿಗೆ ಬಡಿಸಿ, ಅತ್ತೆಗೆ ಬಡಿಸಿ, ಮಗುವಿಗೆ ಉಣಿಸಿ, ಕೊನೆಗೆ ಒಬ್ಬಳೇ ಅಡಿಗೆಮನೆಯಲ್ಲಿ ಕೂತಾಗ ಆ ಸಿಟ್ಟು ಎಲ್ಲಿಗೋ ಹೋಯಿತು.

ಹದಿನೈದು ದಿನ ಕಳೆದು ಅವರು ಒಂದು ಕಾರ್ಡು ಹಿಡಿದು ಬಂದರು. “ಬರೀರಿ ತಂಗಿ.”

ವಿಳಾಸ ಬರೆದೆ. ಕ್ಷೇಮ ಸಮಾಚಾರ ಬರೆದೆ. “ಮುಂದೆ?”

“ನಾ ಬರೂದಿಲ್ಲ ಅಂತ ಹೇಳಿ ಆಗೈತಿ. ಅದನ್ನ ಮತ್ತ ಬರೀಬ್ಯಾಡ್ರಿ. ಉಂಡ್ರೇನು ಅಂತ ಕೇಳ್ರಿ.”

ಬರೆದೆ. “ಇಷ್ಟೇಯನಾ?”

ಅವರು ಹೊಸ್ತಿಲಿನ ಮೇಲೆ ಕೂತು ಯೋಚಿಸಿದರು. “ಯಾರ ಎದುರು ಕೂತು ಉಂಡ್ರಿ ಅಂತ ಕೇಳ್ರಿ.”

ಅದನ್ನೂ ಬರೆದೆ. ಶಾಯಿ ಆರಲೆಂದು ಊದುತ್ತಿದ್ದಾಗ ಅವರು ಎದ್ದರು. “ಬ್ಯಾಡ. ಕಡೀದನ್ನ ಹೊಡದ ಹಾಕ್ರಿ.”

ಗೀಟು ಹಾಕಿದೆ. ಒಂದಕ್ಕೆ ಎರಡು ಸಲ ಹಾಕಿದೆ. ಹಾಕಿದರೂ ಕೆಳಗಿನ ಅಕ್ಷರ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಯಾರಾದರೂ ಓದಬಹುದು. ಅದನ್ನು ಅವರಿಗೆ ಹೇಳಿದೆ. ಮನೆಯಲ್ಲಿ ಬೇರೆ ಕಾರ್ಡು ಇದೆ, ಹೊಸದು ಬರೆದುಕೊಡಲೇ ಎಂದು ಕೇಳಿದೆ.

ಗುರುಶಾಂತವ್ವ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಗೀಟು ಯಾವುದು, ಅಕ್ಷರ ಯಾವುದು ಎಂದು ತಿಳಿಯುವಂತಿರಲಿಲ್ಲ.

“ಇರಲಿ ಬಿಡ್ರಿ” ಎಂದರು. “ಹಂಗ ಟಪಾಲಿಗೆ ಹಾಕ್ರಿ.”